ಐದು ಗಂಟೆಯ ಮಿಸ್ ಕಾಲ್

ಹೆಂಡತಿಯ ಫೋನ್ ಇನ್ನೊಮ್ಮೆ ತಪ್ಪಬಾರದೆಂದು ನಾನು ಕಾರಿಗೆ ಬ್ಲೂಟೂತ್ ಕಿಟ್ ಹಾಕಿಸಿದೆ. ಹಾಕಿಸಿದ ಮೇಲೆ ಎರಡು ವಾರ ಅವಳ ಒಂದು ಫೋನೂ ನನಗೆ ಸಿಗಲಿಲ್ಲ. ಹೀಗೆ ಎರಡು ಸಾಲಿನಲ್ಲಿ ಬರೆದರೆ ಸರಳವಾಗಿ ಕಾಣುತ್ತದೆ. ಆಗ ಮಾತ್ರ ನನಗೆ ಅದರ ತಲೆಬುಡ ತಿಳಿದಿರಲಿಲ್ಲ.

ನಾವಿರುವುದು ಬಸವಕಲ್ಯಾಣದಲ್ಲಿ. ನಾನು ಗಣಿತ ಕಲಿಸುವುದು ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ. ಹಳೆಯದೊಂದು ಕಾರು ಕೊಂಡು, ಅದರಲ್ಲೇ ದಿನಾ ಹೋಗಿ ಬರುತ್ತೇನೆ. ಸಂಜೆ ಐದಕ್ಕೆ ಹುಮನಾಬಾದು ಬಿಡುವ ಹೊತ್ತಿಗೆ ಮನೆಯಿಂದ ಅವಳ ಮಿಸ್ ಕಾಲ್ ಬರುವುದು ನಮ್ಮಿಬ್ಬರ ಕೈಗೆ ಮೊಬೈಲ್ ಬಂದಾಗಿನಿಂದ ನಡೆದ ರೂಢಿ. ಒಂದು ಸಲ ಬಡಿದು ನಿಂತರೆ ಎಲ್ಲ ಬರೋಬ್ಬರಿ ಇದೆ ಎಂದರ್ಥ. ಎರಡು ಸಲವಾದರೆ ಮೊಸರು ತರಬೇಕು. ಮೂರಾದರೆ ಯಾರೋ ಮನೆಗೆ ಬಂದಿದ್ದಾರೆ, ತಿನ್ನಲು ಏನಾದರೂ ಕಟ್ಟಿಸಿಕೊಂಡು ಬೇಗ ಬರಬೇಕು. ನಾನು ಎತ್ತುವ ಹಾಗಿಲ್ಲ, ಅವಳು ಮಾತಾಡುವ ಹಾಗಿಲ್ಲ. ಮೊದಲು ಇದನ್ನು ಮಾಡಿಕೊಂಡದ್ದು ರೊಕ್ಕ ಉಳಿಸಲು. ಎಷ್ಟು ಬೇಕಾದರೂ ಮಾತಾಡಿ ಎನ್ನುವ ರೀಚಾರ್ಜ್ ಬಂದು ವರ್ಷಗಳಾದವು, ಆದರೂ ನಾವು ಮಾತಾಡಲಿಲ್ಲ. ಫೋನಿನಲ್ಲಿ ಹೆಂಡತಿಯ ಜೊತೆ ಏನು ಮಾತಾಡಬೇಕು ಎಂಬುದು ನನಗೆ ಇವತ್ತಿಗೂ ಅಷ್ಟು ತಿಳಿಯುವುದಿಲ್ಲ.

ಹುಲಸೂರಿನಲ್ಲಿ ಮಗನ ಮನೆಯಲ್ಲಿರುವ ನನ್ನ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ದಿನ ನನ್ನ ಜೇಬಿನಲ್ಲಿ ಫೋನು ಏಳು ಸಲ ನಡುಗಿತು. ನಾನು ರಾಜೇಶ್ವರದ ಹತ್ತಿರ ಇದ್ದೆ. ಗಾಡಿ ನಡೆಸುವಾಗ ಫೋನ್ ಮುಟ್ಟುವುದಿಲ್ಲ ಎಂಬುದು ನನ್ನ ಕಟ್ಟುನಿಟ್ಟು. ಮುಟ್ಟಲಿಲ್ಲ, ಆದರೆ ಎಣಿಸಿದೆ. ಏಳಕ್ಕೆ ನಮ್ಮಲ್ಲಿ ಅರ್ಥವೇ ಇರಲಿಲ್ಲ. ಗಣಿತದ ಮಾಸ್ತರನಾದ್ದರಿಂದ ಸುಮ್ಮನಿರಲಾಗದೆ ಬಿಡಿಸಿ ನೋಡಿದೆ: ಎರಡು, ಎರಡು, ಮೂರು. ಮೊಸರು ಎರಡು ಪಾಲು ಬೇಕು, ಮನೆಗೆ ಜನ ಬಂದಿದ್ದಾರೆ. ಎಷ್ಟು ಸಲ ಬಡಿಯುತ್ತಾಳೆ ಎಂದು ಸಿಟ್ಟೂ ಬಂತು. ಎರಡು ಪಾಕೀಟು ಮೊಸರು, ಬಂದವರಿಗೆ ತಿನ್ನಲು ಅರ್ಧ ಕಿಲೊ ಖಾರಾ ತೆಗೆದುಕೊಂಡು ಮನೆಗೆ ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವರು, ಅವಳು ಅಳುತ್ತ ಹುಲಸೂರು ಬಸ್ಸಿಗೆ ಹೋದಳು ಎಂದರು.

ಮರುದಿನ ಆಸ್ಪತ್ರೆಗೆ ಹೋದೆ. ಅತ್ತೆಯ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಹೊರಗಿನ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ನಾನು ಎರಡು, ಎರಡು, ಮೂರರ ಲೆಕ್ಕ ಹೇಳಲು ಹೋದೆ. ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಅವ್ವ ನೆಲದ ಮ್ಯಾಲ ಬಿದ್ದಾಳಂತ ಸುದ್ದಿ ಬಂದಿತ್ತು. ನಾ ನಿಮಗ ಏಳ್ ಸಲ ಫೋನ್ ಹಚ್ಚೀನಿ," ಎಂದಳು. "ಇರ್ಲಿ ಬಿಡ್ರಿ. ಅವ್ವ ಎದ್ದು ನಾಕ್ ಹೆಜ್ಜಿ ಇಟ್ಟ ದಿನ ಐದಕ್ಕ ಒಂದ್ ಮಿಸ್ ಕಾಲ್ ಕೊಡ್ತೀನಿ. ಕರಿಯಾಕ ಬರೂದಿದ್ರ ಬರ್ರಿ. ಬರಲಿಲ್ಲಂದ್ರ ನಾ ತವರ ಮನ್ಯಾಗೇ ಇರ್ತೀನಿ, ನಿಮಗ ನಾ ಬ್ಯಾಡಂತ ತಿಳ್ಕೋತೀನಿ."

ನಮ್ಮ ಕಡೆ ತವರಿಗೆ ಹೋದ ಹೆಣ್ಣುಮಗಳು ತಾನಾಗಿ ಚೀಲ ಹಿಡಿದುಕೊಂಡು ಗಂಡನ ಮನೆಗೆ ಬರುವುದಿಲ್ಲ. ಯಾರಾದರೂ ಹೋಗಿ ಕರೆದುಕೊಂಡು ಬರಬೇಕು. ಮುನಿಸಿಕೊಂಡು ಹೋಗಿದ್ದರೆ ಗಂಡನೇ ಹೋಗಬೇಕು, ಅದೂ ಅಲ್ಲಿಂದ ಸನ್ನೆ ಸಿಕ್ಕ ಮೇಲೆ. ಸನ್ನೆ ಇಲ್ಲದೆ ಹೋಗಿ, ಅವಳು ಒಳಗಿಂದ ಹೊರಗೇ ಬರದಿದ್ದರೆ ಬೀಗರ ಎದುರು ಮಾನ ಹೋಗುತ್ತದೆ. ಹಾಗಾಗಿ ಆ ಒಂದು ಮಿಸ್ ಕಾಲಿನ ಮೇಲೆ ನನ್ನ ಸಂಸಾರ ನಿಂತಿತ್ತು. ಅದನ್ನು ತಪ್ಪಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅತ್ತೆಯ ಪ್ಲಾಸ್ಟರ್ ಬಿಚ್ಚುವ ದಿನ ಹತ್ತಿರವಾಗುತ್ತಿದ್ದಂತೆ ಕಿಟ್ ಹಾಕಿಸುವುದೆಂದು ತೀರ್ಮಾನಿಸಿದೆ.

ಹುಮನಾಬಾದಿನಲ್ಲಿ ಗಾಡಿಗಳ ಟೇಪು, ಸ್ಪೀಕರ್ ಕೂಡಿಸುವ ಒಬ್ಬ ಮೇಸ್ತ್ರಿ ಇದ್ದಾರೆ. ವಯಸ್ಸಾದ ಸಾಹೇಬರು, ಮೂಗಿನ ತುದಿಗೆ ಕನ್ನಡಕ. ನನ್ನ ಕಾರಿನ ಹಳೆಯ ಟೇಪನ್ನು ಹೊರಗೆಳೆದು, ಅದರ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ ಸಿಕ್ಕಿಸಿ, ವೈರನ್ನು ಬಾಗಿಲ ಸಂದಿಯಲ್ಲಿ ಮೇಲಕ್ಕೊಯ್ದು ಕನ್ನಡಿಯ ಪಕ್ಕ ಕಡಲೆಕಾಳಿನಂಥ ಮೈಕ್ ಅಂಟಿಸಿದರು. ನಾನು ನಡುನಡುವೆ ಪ್ರಶ್ನೆ ಕೇಳಿ ಅವರ ತಲೆ ತಿಂದೆ. ಯಾವ ವೈರು ಯಾವುದಕ್ಕೆ, ಫೋನ್ ಎಲ್ಲಿಡಬೇಕು, ಗುಂಡಿ ಯಾವುದು.

"ಸರ್, ಫಿಕರ್ ಮಾಡಬ್ಯಾಡ್ರಿ," ಎಂದರು ಸಾಹೇಬರು. "ಫೋನ್ ಬ್ಯಾಗಿನ್ಯಾಗೇ ಇರ್ಲಿ. ನೀವ್ ಕೈ ಹಚ್ಚೂದೇ ಬ್ಯಾಡ. ಯಾರ್ ಫೋನ್ ಮಾಡಿದ್ರೂ ಗಾಡಿ ತಾನೇ ಎತ್ತತದ. ಆಟೋ ಇಟ್ಟೀನಿ."

ಪರೀಕ್ಷೆಗೆಂದು ತಮ್ಮ ಫೋನಿನಿಂದ ಹಚ್ಚಿದರು. ಅವರ ಹಲೋ ಹಲೋ ಕಾರಿನ ನಾಲ್ಕೂ ಮೂಲೆಗಳಿಂದ ಬಂತು. ನಾನು ಖುಷಿಯಾಗಿ ತಲೆಯಾಡಿಸಿದೆ. ತಾನೇ ಎತ್ತುವ ಗಾಡಿಗೆ ಮಿಸ್ ಕಾಲ್ ಕೊಡಲು ಯಾರಿಂದಲೂ ಆಗುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ನನ್ನ ತಲೆಗೆ ಹೊಳೆಯಲಿಲ್ಲ. ಸಾಹೇಬರಿಗಾದರೂ ಹೇಗೆ ಹೊಳೆಯಬೇಕು, ನಮ್ಮ ಮನೆಯ ರೂಢಿ ಅವರಿಗೆ ಗೊತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಗಾಡಿ ಎತ್ತಿದಾಗ ಅವಳ ದನಿಯಾದರೂ ಕೇಳುತ್ತಿತ್ತು. ಅದೂ ಆಗಲಿಲ್ಲ. ಮನೆಗೆ ಹೊರಟವನು ಟೇಪಿನ ಗುಂಡಿ ಒತ್ತಿ ಎಂದಿನಂತೆ ಪೆನ್ ಡ್ರೈವಿನ ಹಾಡು ಹಚ್ಚಿಕೊಂಡೆ. ಹಾಡಿಗೆ ಒಂದು ದಾರಿ, ಆ ಡಬ್ಬಿಗೆ ಇನ್ನೊಂದು ದಾರಿ, ಟೇಪು ಒಂದು ಸಲಕ್ಕೆ ಒಂದನ್ನೇ ಕೇಳಿಸುತ್ತದೆ ಎಂಬುದು ನನಗೆ ಆಮೇಲೆ ತಿಳಿದದ್ದು.

ದಿನಾ ಐದಕ್ಕೆ ಸ್ಪೀಕರಿನ ಕಡೆ ನೋಡುತ್ತಿದ್ದೆ. ಹಾಡು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಮನೆ ಮುಟ್ಟಿದ ಕೂಡಲೇ ಫೋನ್ ತೆಗೆದು, ಮಿಸ್ ಕಾಲಿನ ಪಟ್ಟಿಯಷ್ಟನ್ನೇ ತೆರೆದು, ಕೆಂಪು ಅಕ್ಷರದಲ್ಲಿ ಅವಳ ಹೆಸರಿದೆಯೇ ಎಂದು ಹುಡುಕುತ್ತಿದ್ದೆ. ತರಗತಿಯಲ್ಲಿದ್ದಾಗ ಬಂದ, ಬ್ಯಾಂಕಿನ ಸಾಲ ಬೇಕೇ ಎನ್ನುವವರದೂ ಇರುತ್ತಿತ್ತು, ಅವಳದು ಇರುತ್ತಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ್ದಾರೆಂದು ಹುಲಸೂರಿನ ಕಡೆಯವರಿಂದ ಸುದ್ದಿ ಬಂತು. ಹಾಗಿದ್ದರೆ ಅತ್ತೆ ನಡೆಯುತ್ತಿರಬೇಕಲ್ಲ? ನಡೆಯುತ್ತಿದ್ದರೆ ಸನ್ನೆ ಯಾಕಿಲ್ಲ? ಬರುವ ಮನಸ್ಸೇ ಇಲ್ಲವೇ? ಒಂದು ದಿನ ಅವಳ ಮೇಲೆ ಕೆಂಡದಂಥ ಕೋಪ, ಮರುದಿನ ನನ್ನ ಮೇಲೇ. ಅನ್ನ ಒಮ್ಮೆ ಮುದ್ದೆಯಾಗುತ್ತಿತ್ತು, ಒಮ್ಮೆ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಕಲಬುರಗಿಯ ಹಾಸ್ಟೆಲಿನಲ್ಲಿರುವ ಮಗಳು ಕೇಳಿದರೆ ಎಲ್ಲ ಚಂದ ನಡೆದಿದೆ ಎನ್ನುತ್ತಿದ್ದೆ.

ನನ್ನ ಜೊತೆ ಕಾರಿನಲ್ಲಿ ಬರುವವರು ನಮ್ಮ ಶಾಲೆಯ ಹಿಂದಿ ಮಾಸ್ತರರು, ಅವರೂ ಬಸವಕಲ್ಯಾಣದವರು. ಒಂದು ಮಂಗಳವಾರ ಸಂಜೆ, ಹುಮನಾಬಾದು ದಾಟುತ್ತಿದ್ದಂತೆ, ಮೇಡಂ ಇನ್ನೂ ಬಂದಿಲ್ಲೇನು ಎಂದು ಕೇಳಿದರು. ಕೇಳಿದ್ದು ಕಾಳಜಿಯಿಂದಲೇ. ನನಗೆ ಮಾತ್ರ ಚುಚ್ಚಿದಂತಾಯಿತು.

"ಬರದೇ ಇದ್ರ ಬಿಡ್ರಿ ಸರ್," ಎಂದೆ. "ನಾ ಏನ್ ಉಪವಾಸ ಬಿದ್ದೀನೇನು? ಖರೇ ಹೇಳ್ಬೇಕಂದ್ರ ಮನಿ ಶಾಂತ ಆಗ್ಯಾದ. ಇಷ್ಟ್ ವರ್ಷದಾಗ ಇಷ್ಟ್ ಆರಾಮ ನಾ ಇದ್ದೇ ಇಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಅವಳ ಕಿರಿಕಿರಿ, ಅವಳ ಮೊಸರು, ಎಲ್ಲ ತೆಗೆದು ನಗಾಡಿದೆ. ಮಾಸ್ತರರೂ ನಕ್ಕರು. ಒಣ ಜಂಬ ಕೊಚ್ಚುವಾಗ ನಾನು ಚೆನ್ನಾಗಿ ಮಾತಾಡುತ್ತೇನೆ.

ಮುಂದಿನ ಸೋಮವಾರ ಸಂಜೆ ಮಾಸ್ತರರ ಫೋನಿನ ಚಾರ್ಜ್ ಮುಗಿದಿತ್ತು. ಮನೆಗೆ ಒಂದು ಮಾತು ಹೇಳಬೇಕೆಂದು ನನ್ನ ಫೋನ್ ಕೇಳಿದರು. ಇನ್ನೂ ಶಾಲೆಯ ಗೇಟಿನಲ್ಲೇ ಇದ್ದೆವು. ಬ್ಯಾಗಿನಿಂದ ತೆಗೆದುಕೊಟ್ಟೆ. ಅವರು ಪರದೆ ನೋಡಿ ನಕ್ಕರು.

"ಏನ್ರಿ ಸರ್, ಮೇಡಂ ಕೂಡ ಮೂರ್ ಮೂರ್ ಮಿನಿಟ್ ಮಾತಾಡೀರಿ, ನಮಗ ಬ್ಯಾರೇನೇ ಹೇಳ್ತೀರಲ್ಲ."

ಇಸಿದುಕೊಂಡು ನೋಡಿದೆ. ಅವಳ ಹೆಸರು, ಹಸಿರು ಬಾಣ. ಎರಡು ವಾರದಲ್ಲಿ ಮೂರು ಕರೆ, ಮೂರೂ ಐದರ ಆಸುಪಾಸು. ಮೊದಲನೆಯದು ಒಂಬತ್ತು ಸೆಕೆಂಡು, ಎರಡನೆಯದು ನಲವತ್ತು, ಮೂರನೆಯದು ಮೂರು ನಿಮಿಷ ಹನ್ನೆರಡು ಸೆಕೆಂಡು. ಆಮೇಲೆ ಒಂದೂ ಇಲ್ಲ. ನಾನು ಕಕ್ಕಾಬಿಕ್ಕಿಯಾದೆ. ನಾನು ನನ್ನ ಹೆಂಡತಿಯ ಜೊತೆ ಮೂರು ನಿಮಿಷ ಹನ್ನೆರಡು ಸೆಕೆಂಡು ಮಾತಾಡಿದ್ದೆ ಮತ್ತು ಅದು ನನಗೇ ಗೊತ್ತಿರಲಿಲ್ಲ. ಅಷ್ಟು ಹೊತ್ತು ನಾವು ಯಾವತ್ತೂ ಮಾತಾಡಿದವರಲ್ಲ.

ಕಾರನ್ನು ನೇರ ಸಾಹೇಬರ ಅಂಗಡಿಗೆ ಒಯ್ದೆ. ಕಿಟ್ ಕೆಟ್ಟಿದೆ ಎಂದು ದನಿ ಎತ್ತರಿಸಿಯೇ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಕಿಟಕಿಯಿಂದ ಕೈ ಒಳಗೆ ಹಾಕಿ ಟೇಪಿನ ಒಂದು ಗುಂಡಿ ಒತ್ತಿದರು.

"ನೀವು ಹಾಡು ಹಚ್ಕೊಂಡ್ ಕುಂತೀರಿ ಸರ್. ಫೋನ್ ಮಾಡಿದವ್ರ ದನಿ ನಿಮಗ ಹ್ಯಾಂಗ ಕೇಳಬೇಕು?"

"ಮತ್ತ ನನ್ನ ದನಿ ಅವರಿಗ?"

"ಅದು ಹೋಗ್ತದ್ರಿ. ಮೈಕ್ ಬ್ಯಾರೆ ಅದಲ್ಲ. ಗಾಡ್ಯಾಗ ಆಡಿದ್ದೆಲ್ಲಾ ಸಾಫ್ ಹೋಗ್ತದ. ಮೈಕ್ ಭಾಳ ಚಲೋ ಅದ ಸರ್."

ಮೂರನೆಯ ಕರೆಯ ದಿನ ನೋಡಿದೆ. ಮಂಗಳವಾರ. ಹಿಂದಿ ಮಾಸ್ತರರು ಪಕ್ಕದಲ್ಲೇ ಕೂತಿದ್ದರು, ಅವರಿಗೂ ಅರ್ಥವಾಗಿ ಕಿಟಕಿಯ ಹೊರಗೆ ನೋಡತೊಡಗಿದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಮಾಸ್ತರರನ್ನು ಅವರ ಮನೆಗೆ ಬಿಟ್ಟು, ನಮ್ಮ ಓಣಿಗೆ ತಿರುಗದೆ ಹಾಗೇ ಹುಲಸೂರಿನ ದಾರಿ ಹಿಡಿದೆ. ಸನ್ನೆ, ಮಾನ, ಬೀಗರು, ಯಾವುದೂ ತಲೆಯಲ್ಲಿ ಉಳಿದಿರಲಿಲ್ಲ. ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಂಗಳದಲ್ಲಿ ಅತ್ತೆ ಕೋಲೂರಿ ಅಡ್ಡಾಡುತ್ತಿದ್ದರು.

"ಬರ್ರಿ," ಎಂದರು. "ನಾ ನಡ್ಯಾಕತ್ತು ಭಾಳ ದಿನ ಆತು."

ಹೆಂಡತಿ ಬಾಗಿಲಿಗೆ ಬಂದಳು. ನೀರು ಕೊಡಲಿಲ್ಲ. ನಾನು ನಿಂತಲ್ಲೇ ಶುರುಮಾಡಿದೆ. ಡಬ್ಬಿ, ಮೈಕು, ಗುಂಡಿ, ಪೆನ್ ಡ್ರೈವು. ಬೋರ್ಡಿನ ಮೇಲೆ ಪ್ರಮೇಯ ಬಿಡಿಸುವವನಂತೆ ಒಂದೊಂದೇ ಹೆಜ್ಜೆ ಬಿಡಿಸಿದೆ.

"ನಾ ಫೋನ್ ಎತ್ತೇ ಇಲ್ಲ. ಗಾಡಿ ಎತ್ತ್ಯಾದ," ಎಂದೆ.

"ಮಾತಾಡಿದ್ದೂ ಗಾಡೀನೇ ಏನ್ರಿ?"

ನಾನು ಕಾರಿನ ಕೀಲಿ ಜೇಬಿಗೆ ಹಾಕಿಕೊಂಡೆ, ಮತ್ತೆ ತೆಗೆದೆ.

"ಮೊದಲ್ನೇ ಸಲ ನೀವು ಎತ್ತಿದ್ರಿ ಅಂತ ಗಾಬರಿಯಾಗಿ ಇಟ್ಟೆ," ಎಂದಳು. "ಎರಡನೇ ಸಲ ಹಲೋ ಅಂದೆ, ನೀವು ಹಾಡು ಹಾಡಾಕತ್ತಿದ್ರಿ. ಮೂರನೇ ಸಲ ಏನ್ ಕೇಳಿದೆ ಅಂತ ನಾ ಹೇಳಬೇಕೇನು? ನಾ ಇಲ್ಲದ ಮನಿ ಶಾಂತ ಆಗ್ಯಾದಂತ."

"ಅದು ಹಂಗಲ್ಲ..."

"ನನ್ನ ಮುಂದ ನಿಂತ್ರ ನೀವು ಗೆಲ್ಲೂ ತನಾ ಮಾತಾಡ್ತೀರಿ. ಅದು ಬ್ಯಾಡ. ಗಾಡ್ಯಾಗ ಕುಂತು ಆಡಿದ್ ಮಾತು, ಗಾಡ್ಯಾಗ ಕುಂತೇ ತಿರುಗಿ ಹೇಳ್ರಿ. ನಾ ಫೋನ್ ಹಚ್ಚತೀನಿ. ಹೋಗ್ರಿ."

ಇದು ಎಂಥ ವಿಚಿತ್ರ ಎಂದುಕೊಂಡೇ ಹೋದೆ. ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡೆ. ಸಾಹೇಬರು ತೋರಿಸಿದ ಗುಂಡಿ ಒತ್ತಿದೆ, ತಪ್ಪಿರಬಹುದೆಂದು ಇನ್ನೊಮ್ಮೆ ಒತ್ತಿದೆ, ಹಾಡು ಬಂತು, ಮತ್ತೆ ಒತ್ತಿದೆ. ಅಷ್ಟರಲ್ಲಿ ಸ್ಪೀಕರಿನಲ್ಲಿ ರಿಂಗು ಬಂತು. ಒಂದೇ ಸಲ ಬಡಿದು ಗಾಡಿ ತಾನೇ ಎತ್ತಿತು. ಆ ಕಡೆ ಯಾರೂ ಮಾತಾಡಲಿಲ್ಲ. ಮನೆಯೊಳಗೆ ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

"ನಾ ಸುಳ್ಳ್ ಹೇಳಿದ್ದೆ," ಎಂದೆ. "ನೀ ಇಲ್ಲಂದ್ರ ನನಗ ಆ ಮನ್ಯಾಗ ಇರಾಕ ಆಗವಲ್ದು."

ಫ್ಯಾನು ತಿರುಗುತ್ತಲೇ ಇತ್ತು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಆದ್ದರಿಂದ ಮುಂದುವರಿಸಿದೆ. ಹಸಿ ಅನ್ನ ತಿಂದದ್ದು, ಮಗಳಿಗೆ ಸುಳ್ಳು ಹೇಳಿದ್ದು, ದಿನಾ ಐದಕ್ಕೆ ಸ್ಪೀಕರಿನ ಕಡೆ ನೋಡುತ್ತ ಗಾಡಿ ನಡೆಸಿದ್ದು, ಆಸ್ಪತ್ರೆಯಲ್ಲಿ ಲೆಕ್ಕ ಹೇಳುವ ಬದಲು ತಪ್ಪಾಯಿತು ಎನ್ನಬೇಕಿತ್ತು ಎನ್ನುವುದು. ಎದುರಿಗೆ ಇಲ್ಲದವಳಿಗೆ ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನಡುವೆ ಒಮ್ಮೆ ಆ ಕಡೆಯಿಂದ ಕೆಮ್ಮು ಕೇಳಿದಾಗ, ಇದ್ದಾಳೆ, ಕೇಳುತ್ತಿದ್ದಾಳೆ ಎಂದು ಇನ್ನಷ್ಟು ಹೇಳಿದೆ.

ಹಿಂದಿನ ಬಾಗಿಲು ತೆರೆಯಿತು. ಸೀಟಿನ ಮೇಲೆ ಬಟ್ಟೆಯ ಚೀಲ ಬಿತ್ತು. ಅವಳು ಸುತ್ತಿ ಬಂದು ನನ್ನ ಪಕ್ಕ ಕೂತು ಸೆರಗು ಸರಿಮಾಡಿಕೊಂಡಳು. ಕೈಯಲ್ಲಿ ಫೋನ್ ಇರಲಿಲ್ಲ. ಸ್ಪೀಕರಿನಲ್ಲಿ ಫ್ಯಾನ್ ಇನ್ನೂ ತಿರುಗುತ್ತಿತ್ತು. ನಾನು ಅವಳ ಮುಖ ನೋಡಿದೆ, ಸ್ಪೀಕರ್ ನೋಡಿದೆ, ಮತ್ತೆ ಅವಳ ಮುಖ ನೋಡಿದೆ.

"ಎಲ್ಲಾ ಕೇಳಿದೇನು?"

"ಇಲ್ರಿ. ಮೊದಲ್ನೇ ಮಾತಿಗೇ ಎದ್ದು ಚೀಲಕ್ಕ ಅರಿವಿ ತುಂಬಾಕ ಹೋದೆ," ಎಂದಳು. "ಫೋನ್ ಅವ್ವನ ಕೈಯಾಗ ಅದ. ಆಕಿ ಇನ್ನಾ ಕೇಳಾಕತ್ತಾಳ."