ಹತ್ತು ಮಿಲಿಲೀಟರಿನ ಮುಚ್ಚಳ

ಕೆಂಚಾರ್ಲಹಳ್ಳಿಯಿಂದ ಚಿಕ್ಕಪ್ಪ ಫೋನ್ ಮಾಡಿದಾಗ ನಾನು ಚಿಕ್ಕಬಳ್ಳಾಪುರದಲ್ಲಿ ಒಂದು ಪತ್ರಿಕಾಗೋಷ್ಠಿ ಮುಗಿಸಿ ಹೊರಗೆ ಬಂದಿದ್ದೆ. ಕೆರೆಗಳಿಗೆ ಇಷ್ಟು ಕೋಟಿ ಲೀಟರ್ ನೀರು ಎಂದು ವೇದಿಕೆಯ ಮೇಲಿದ್ದವರು ಹೇಳಿದ್ದರು, ನಾನು ಬರೆದುಕೊಂಡಿದ್ದೆ. ಅಷ್ಟೆಂದರೆ ಎಷ್ಟು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಪೇಪರ್‌ಗೆ ಹಾಕೋ ಅಂಥ ಸುದ್ದಿ ಐತೆ ಕಣೋ," ಎಂದರು ಚಿಕ್ಕಪ್ಪ. "ಅರ್ಧ ಲೀಟರ್ ಅಂತ ಬರ್ದು ಇನ್ನೂರು ಎಂ.ಎಲ್. ತುಂಬವ್ರೆ. ಹಾಡಹಗಲೇ ಮೋಸ."

ಅವರ ದೂರು ಹಿಪ್ಪುನೇರಳೆ ತೋಟಕ್ಕೆ ಎರಡು ವಾರದ ಹಿಂದೆ ಹೊಡೆದ ಕೀಟನಾಶಕದ ಬಗ್ಗೆ. ಒಂದು ಲೀಟರ್ ನೀರಿಗೆ ಎರಡು ಮಿಲಿಲೀಟರ್. ಹೊಡೆದು ಹದಿನೈದು ದಿನ ಕಳೆದ ಮೇಲೆ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕಬಹುದು ಎಂದು ಅಂಗಡಿಯವನು ಹೇಳಿದ್ದ. ಡ್ರಮ್ಮಿನಲ್ಲಿ ಇನ್ನೂರು ಲೀಟರ್ ನೀರು, ಅಂದರೆ ನಾನೂರು ಮಿಲಿಲೀಟರ್ ಔಷಧಿ. ಇಲ್ಲಿಯವರೆಗೆ ಚಿಕ್ಕಪ್ಪನ ಲೆಕ್ಕ ನಿರ್ದೋಷ.

ಆದರೆ ನಮ್ಮ ಕಡೆ ಔಷಧಿ ಅಳೆಯುವುದು ಬಾಟಲಿಯ ಮುಚ್ಚಳದಲ್ಲಿ. ಒಂದು ಮುಚ್ಚಳಕ್ಕೆ ಹತ್ತು ಮಿಲಿಲೀಟರ್ ಎಂದು ಯಾರು ತೀರ್ಮಾನಿಸಿದರೋ ದಾಖಲೆಯಿಲ್ಲ. ಬಾಟಲಿ ಯಾವುದಾದರೂ ತೀರ್ಮಾನ ಬದಲಾಗುವುದಿಲ್ಲ. ಹೀಗಾಗಿ ನಲವತ್ತು ಮುಚ್ಚಳ ಬೇಕಿತ್ತು. ಇಪ್ಪತ್ತಕ್ಕೇ ಅರ್ಧ ಲೀಟರ್ ಬಾಟಲಿ ಖಾಲಿಯಾಯಿತು. ಚಿಕ್ಕಪ್ಪ ಮುಚ್ಚಳವನ್ನು ಅನುಮಾನಿಸಲಿಲ್ಲ. ಕಂಪನಿಯನ್ನು ಬೈದುಕೊಂಡು ಚಿಂತಾಮಣಿಗೆ ಹೋಗಿ ಇನ್ನೊಂದು ಬಾಟಲಿ ತಂದರು. ಅದೂ ಸರಿಯಾಗಿ ಇಪ್ಪತ್ತಕ್ಕೆ ಮುಗಿಯಿತು. ಎರಡೂ ಒಂದೇ ಸಮ ಮೋಸ ಮಾಡಿದ್ದೇ ಅವರ ಬಳಿ ಇದ್ದ ಸಾಕ್ಷಿ.

ಸುದ್ದಿ ಬರೆಯುವ ಮೊದಲು ಸಾಕ್ಷಿ ಪರಿಶೀಲಿಸಬೇಕಲ್ಲ. ಮೆಡಿಕಲ್ ಶಾಪ್‌ನಲ್ಲಿ ಐದು ಮಿಲಿಲೀಟರಿನ ಸಿರಿಂಜ್ ಕೊಂಡು ಮರುದಿನ ಊರಿಗೆ ಹೋದೆ. ಜಗಲಿಯ ಮೇಲೆ ಆ ಮುಚ್ಚಳ ಇಟ್ಟು ನೀರು ಹಾಕಿದೆ. ತುಂಬಲು ಐದು ಸಿರಿಂಜ್ ಹಿಡಿಯಿತು.

"ಇಪ್ಪತ್ತೈದು," ಎಂದೆ.

"ಸಿರಿಂಜ್ ಸರಿಯಾಗೈತಾ?"

"ಸರಿಯಾಗಿದೆ ಚಿಕ್ಕಪ್ಪ. ಬಾಟಲಿನೂ ಸರಿಯಾಗಿದೆ."

"ಅಂಗಾದ್ರೆ ಡ್ರಮ್ಮಿಗೆ ಬಿದ್ದಿದ್ದು?"

"ಒಂದು ಲೀಟರ್. ನಾನೂರು ಬೀಳ್ಬೇಕಿತ್ತು, ಸಾವಿರ ಬಿದ್ದಿದೆ."

ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹುಳು ಮನೆಯಲ್ಲಿ, ಔಷಧಿ ಹೊಡೆಯದ ಒಂದು ಮೂಲೆಯ ಸೊಪ್ಪಿನಲ್ಲೇ ಅಲ್ಲಿಯವರೆಗೆ ಅವರು ಸಾಕಿದ್ದ ಹುಳುಗಳು ಮೂರನೇ ಜ್ವರಕ್ಕೆ ಮಲಗಿದ್ದವು. ಪೊರೆ ಬಿಡುವ ಮೊದಲು ಹುಳು ಮೇವು ನಿಲ್ಲಿಸಿ ಸುಮ್ಮನಾಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಅಷ್ಟೂ ಹಸಿದು ಏಳುತ್ತವೆ, ಮತ್ತು ಅವಕ್ಕೆ ಹಾಕಲು ಇನ್ನು ಉಳಿದದ್ದು ಔಷಧಿ ಹೊಡೆದ ಸೊಪ್ಪು.

"ಹದಿನೈದು ದಿನ ಆಯ್ತಲ್ಲೇ," ಎಂದರು ಚಿಕ್ಕಪ್ಪ.

"ಅದು ನಾನೂರಕ್ಕೆ ಹೇಳಿದ್ದು. ಸಾವಿರಕ್ಕೆ ಎಷ್ಟು ದಿನ ಅಂತ ನಿಮ್ಮ ಮುಚ್ಚಳಾನೇ ಕೇಳಿ," ಎಂದರು ಚಿಕ್ಕಮ್ಮ.

ಉಳಿದವಕ್ಕಿಂತ ಮೊದಲೇ ಎದ್ದಿದ್ದ ಹತ್ತು ಹುಳುಗಳನ್ನು ಅವರೇ ಒಂದು ಮೊರಕ್ಕೆ ಎತ್ತಿ, ತೋಟದ ಸೊಪ್ಪು ಹಾಕಿ ಹುಳು ಮನೆಯಿಂದ ದೂರ ಇಟ್ಟರು. ಸೊಪ್ಪಿನ ಮೇಲೆ ಸಂಶಯ ಬಂದಾಗ ಊರಿನಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಇದು. ಸಂಜೆಯ ಹೊತ್ತಿಗೆ ಏಳು ಹುಳುಗಳು ಹಸಿರು ನೀರು ಕಕ್ಕಿ ತಲೆ ಹಿಂದಕ್ಕೆ ಚೆಲ್ಲಿದ್ದವು. ನನ್ನ ಸಿರಿಂಜ್ ಹೇಳಿದ್ದನ್ನು ಒಪ್ಪದ ಚಿಕ್ಕಪ್ಪ ಇದನ್ನು ಒಪ್ಪಿದರು.

"ನಮ್ಮಣ್ಣನ ತೋಟದಲ್ಲಿ ಸೊಪ್ಪು ಐತೆ," ಎಂದರು ಚಿಕ್ಕಮ್ಮ. ಅಣ್ಣನ ಊರು ಶಿಡ್ಲಘಟ್ಟದ ಹತ್ತಿರ.

"ಬಾವ ಯಾಕೆ ಅಂತ ಕೇಳ್ತಾರೆ. ಏನು ಹೇಳ್ಲಿ?"

"ಕಂಪನಿಯವ್ರು ಮೋಸ ಮಾಡಿದ್ರು ಅಂತ ಹೇಳಿ. ಅವ್ರೂ ನಗ್ಲಿ."

ಬೆಳಕು ಹರಿಯುವ ಮೊದಲೇ ಚಿಕ್ಕಪ್ಪ ಹೊರಟರು. ಹೋಗಿ ಏನು ಹೇಳಿದರೋ, ನನಗೆ ವರದಿ ಬರಲಿಲ್ಲ. ಸೊಪ್ಪಿನ ಎರಡು ದೊಡ್ಡ ಹೊರೆಗಳು ಬಂದವು. ಚಿಕ್ಕಮ್ಮ ಅದರಲ್ಲೂ ನಾಲ್ಕೆಲೆಯನ್ನು ಮೊದಲು ಎರಡು ಹುಳುಗಳಿಗೆ ಹಾಕಿ, ಅವು ತಿಂದು ಆರಾಮಾಗಿ ಹರಿದಾಡುವವರೆಗೆ ಕಾದರು. ಆಮೇಲೆ ಹುಳು ಹರವಿದ್ದ ಎಲ್ಲ ಅಂಕಣಗಳಿಗೂ ಹರಡಿದರು. ಹುಳುಗಳು ಎಲೆಯ ಅಂಚಿಗೆ ಬಾಯಿಟ್ಟವು.

ಚಿಕ್ಕಪ್ಪ ಒಳಗೆ ಬರಲು ನೋಡಿದರು.

"ಕೈ ತೊಳ್ಕೊಂಡು ಬನ್ನಿ," ಎಂದರು ಚಿಕ್ಕಮ್ಮ, ತಲೆ ಎತ್ತದೆ. "ಎಷ್ಟು ಲೀಟರ್ ನೀರಲ್ಲಿ ಅಂತ ಕೇಳ್ಬೇಡಿ."