ಕೋಳಿ ಒಲ್ಲದ ಮಂತ್ರಗಾತಿ

ಮಲಾವಿಗೆ ಹೊರಟಿದ್ದೇನೆ ಎಂದಾಗ ಸರಸಂಬಾ ಊರಿನ ನಮ್ಮ ಅತ್ತೆ ಕೇಳಿದ್ದು ಒಂದೇ ಮಾತು: “ಅದು ಸೊಲ್ಲಾಪುರದ ಆಚಿ ಬರ್ತದೋ, ಈಚಿ ಬರ್ತದೋ?” ಆಚೆ, ಬಹಳ ಆಚೆ, ಆಫ್ರಿಕಾದಲ್ಲಿ ಎಂದೆ. “ಆತು ಬಿಡು, ರೊಟ್ಟಿ ಕಟ್ಕೊಂಡು ಹೋಗು” ಎಂದರು. ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕಟ್ಟಿಕೊಂಡೇ ಹೋದೆ.

ಅಲ್ಲಿ ನನ್ನ ಗೆಳತಿ ಇದ್ದಾಳೆ. ಜೇವರ್ಗಿಯ ಕ್ರೈಸ್ತರ ಮನೆಯ ಮಗಳು. ಕಲಬುರಗಿಯಲ್ಲಿ ಶಿಕ್ಷಕಿಯರ ತರಬೇತಿಗೆ ಇದ್ದಾಗ ಹಾಸ್ಟೆಲಿನಲ್ಲಿ ನಮ್ಮಿಬ್ಬರದೂ ಒಂದೇ ಕೋಣೆ. ನಾನು ಆಳಂದದ ಶಾಲೆಯಲ್ಲಿ ಪಾಠ ಹೇಳಿ ಹೇಳಿ ನಿವೃತ್ತಳಾದೆ. ಅವಳು ಗಂಡನ ಜೊತೆ ಮಿಷನರಿಯಾಗಿ ಮಲಾವಿಯ ಒಂದು ಹಳ್ಳಿಗೆ ಹೋದಳು. ಅಲ್ಲಿ ಅವರದೊಂದು ಸಣ್ಣ ಚರ್ಚು, ಪಕ್ಕದಲ್ಲೇ ದವಾಖಾನೆ. ವಿಡಿಯೊ ಕಾಲ್ ಮಾಡಿದಾಗಲೆಲ್ಲ “ಬಾ ಬೇ, ಸಾಯೂದ್ರಾಗ ಒಮ್ಮೆ ಬಾ” ಎಂದು ಜೀವ ತಿನ್ನುತ್ತಿದ್ದಳು.

ಹೋದವಳ ಕಣ್ಣಿಗೆ ಮೊದಲು ಬಿದ್ದದ್ದು ತೊಗರಿ ಹೊಲ. ವಿಮಾನ ಹತ್ತಿ ಸಮುದ್ರ ದಾಟಿ ಬಂದರೆ ಇಲ್ಲೂ ತೊಗರಿಯೇ! ನಗು ತಡೆಯಲಾಗಲಿಲ್ಲ. ಆದರೆ ಆ ಹಳ್ಳಿಯಲ್ಲಿ ಬೇಳೆ ಒಡೆಯುವುದಿಲ್ಲ, ಇಡಿ ಕಾಳನ್ನೇ ಕುದಿಸಿ ಉಪ್ಪು ಹಾಕಿ ತಿನ್ನುತ್ತಾರೆ. ಜೊತೆಗೆ ಮೆಕ್ಕೆಜೋಳದ ಬಿಳಿ ಮುದ್ದೆ. ಒಗ್ಗರಣೆಯಿಲ್ಲದ ಊಟವೂ ಒಂದು ಊಟವೇ ಎಂದು ಮೊದಲು ಮುಖ ಸಿಂಡರಿಸಿದೆ, ಆಮೇಲೆ ಎರಡನೇ ಸಲ ಬಡಿಸಿಕೊಂಡೆ. ಹಿಂಡಿ ಹಚ್ಚಿಕೊಂಡರೆ ಆ ಮುದ್ದೆ ಸ್ವರ್ಗ.

ಕಷ್ಟವಾಗಿದ್ದು ಹೆಂಗಸರ ನಮಸ್ಕಾರ. ಹಿರಿಯರನ್ನು ಕಂಡರೆ ಮೊಣಕಾಲೂರಿ, ಎರಡೂ ಕೈ ಬೊಗಸೆ ಮಾಡಿ ಮೆತ್ತಗೆ ಚಪ್ಪಾಳೆ ತಟ್ಟುತ್ತಾರೆ. ನನ್ನೆದುರು ಒಬ್ಬಳು ಹಾಗೆ ಕೂತಾಗ “ಅಯ್ಯ ಏಳವ್ವಾ, ಏಳು!” ಎಂದು ರಟ್ಟೆ ಹಿಡಿದು ಎಬ್ಬಿಸಿದೆ. ಪಾಪ, ತನ್ನಿಂದ ಏನು ತಪ್ಪಾಯಿತೋ ಎಂದು ಅವಳು ಹೆದರಿಬಿಟ್ಟಳು. “ನೀ ಸುಮ್ನ ಚಪ್ಪಾಳಿ ತಟ್ಟು, ಎಬ್ಬಸಾಕ ಹೋಗಬ್ಯಾಡ” ಎಂದು ಗೆಳತಿ ಬೈದಳು. ಕಲಿತೆ. ಮೊಣಕಾಲು ಹಿಡಿದುಕೊಂಡ ನಾನು ನಿಂತೇ ತಟ್ಟುತ್ತಿದ್ದೆ, ನನ್ನ ಚಪ್ಪಾಳೆ ಜೋರಾಯಿತೆಂದು ಅವರೆಲ್ಲ ನಗುತ್ತಿದ್ದರು.

ಬೆಳಿಗ್ಗೆ ಸ್ನಾನವಾದ ಮೇಲೆ ನಾನು ಮುಂದಿನ ಪಡಸಾಲೆಯಲ್ಲಿ ಕೂತು, ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದೆ. ಎದುರಿಗೆ ಬೋರಿಂಗು. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು. ನೋಡಲಿ, ನಮ್ಮೂರಲ್ಲೂ ಮಂದಿ ನೋಡುತ್ತಾರೆ ಎಂದು ನಾನು ನನ್ನ ಪಾಡಿಗೆ ಇದ್ದೆ.

ಭಾನುವಾರ ಚರ್ಚಿನಲ್ಲಿ ನಾನು ಕೂತ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿರಿಯರು ಗೆಳತಿಯ ಗಂಡನನ್ನು ಮೂಲೆಗೆ ಕರೆದು ಬಹಳ ಹೊತ್ತು ಮಾತಾಡಿದರು. ಮನೆಗೆ ಬಂದು ಆತ, ಬಹಳ ಸಂಭಾವಿತ ಮನುಷ್ಯ, ನೆಲ ನೋಡುತ್ತಾ ಹೇಳಿದ: “ಅಕ್ಕಾರ, ನಿಮ್ಮ ಕೊರಳಾಗಿಂದು ತಾಯತ ಅಂತ ತಿಳಕೊಂಡಾರ್ರಿ. ನಮಗ ತಾಯತ ಬಿಡ್ರಿ ಅಂತೀರಿ, ನಿಮ್ಮ ಮನಿಗೆ ಮಂತ್ರಗಾತಿನ್ನ ಕರಿಸೀರಿ ಅಂತ ಕೇಳಾಕತ್ತಾರ. ಊರಿಗೆ ಹೋಗೂ ತನಕಾ ಬ್ಯಾಗಿನ್ಯಾಗ ಇಡಾಕ ಆಗೂದಿಲ್ಲೇನ್ರಿ?”

“ತಲಿ ತಗದಿಡು ಅನ್ರಿ, ಇಡ್ತೇನಿ” ಎಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಲಿಂಗ ಬಿಚ್ಚಿಡುವುದು ಎಂದರೇನು ಎಂದು ಆತನಿಗೆ ಗೊತ್ತಿಲ್ಲದಿರಬಹುದು, ಆತ ಬೇರೆ ಸೀಮೆಯವನು, ನಮ್ಮ ಮಾತು ಕಲಿತದ್ದೇ ಹೆಂಡತಿಯಿಂದ. ಆದರೆ ಜೇವರ್ಗಿಯವಳಿಗೆ ಗೊತ್ತಿಲ್ಲವೇ? ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಅವಳ ಸಂಕಟವೂ ನನಗೆ ತಿಳಿಯದ್ದಲ್ಲ. ತಾಯತ ನಂಬಿ ಮನೆಯಲ್ಲೇ ಕೂತು, ಜ್ವರ ತಲೆಗೇರಿದ ಮೇಲೆ ದವಾಖಾನೆಗೆ ತಂದ ಕೂಸುಗಳನ್ನು ಅವಳು ಕೈಯಾರೆ ಮಣ್ಣು ಮಾಡಿದ್ದಾಳೆ. ಈಗೀಗ ತಾಯಂದಿರು ಬೇಗ ಬರುತ್ತಿದ್ದರು. ನನ್ನಿಂದಾಗಿ ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದರೆ? ಬಿಚ್ಚುವುದಂತೂ ಸಾಧ್ಯವಿಲ್ಲ, ಅಡಗಿಸಿಕೊಂಡೆ. ಕರಡಿಗೆಯನ್ನು ಸೆರಗಿನೊಳಗೆ ಸರಿಸಿ, ಪೂಜೆಗೆ ಹಿಂದಿನ ಉಗ್ರಾಣದಲ್ಲಿ ತೊಗರಿ ಚೀಲಗಳ ನಡುವೆ ಕೂರತೊಡಗಿದೆ. ಬೇಗ ಹೊರಡಲು ಟಿಕೇಟು ಬದಲಿಸಲು ಬರುತ್ತದೇನು ಎಂದೂ ಗೆಳತಿಯನ್ನು ಕೇಳಿದೆ. ಅವಳು ಒಲೆ ಊದುತ್ತಾ ಕೂತಳು.

ಹೀಗಿರುವಾಗ ಒಂದು ಮಧ್ಯಾಹ್ನ ದವಾಖಾನೆಯ ಅಂಗಳದಲ್ಲಿ ಗೆಳತಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದೆ. ಸರದಿಗೆ ಕಾಯುತ್ತಿದ್ದ ಹೆಂಗಸರೆಲ್ಲ ಸುತ್ತ ಇದ್ದರು. ಒಬ್ಬ ಮುದುಕಿ ಕುಂಟುತ್ತಾ ನೇರ ನನ್ನ ಹತ್ತಿರ ಬಂದು, ನರಳುತ್ತಾ ಮೊಣಕಾಲೂರಿ ಚಪ್ಪಾಳೆ ತಟ್ಟಿ ಏನೋ ಹೇಳಿದಳು.

ಗೆಳತಿ ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದಳು: “ಮೊಣಕಾಲು ಬ್ಯಾನಿ ಅಂತ. ನಿನ್ನ ಬೆಳ್ಳಿ ಡಬ್ಬಿ ಒಮ್ಮೆ ಮುಟ್ಟಸಬೇಕಂತ.”

ಅಷ್ಟರಲ್ಲಿ ಮುದುಕಿ ಬಟ್ಟೆಯ ಗಂಟು ಬಿಚ್ಚಿ, ಜೀವಂತ ಕೋಳಿಯೊಂದನ್ನು ನನ್ನ ಮಡಿಲಲ್ಲಿ ಇಟ್ಟೇಬಿಟ್ಟಳು. ದಕ್ಷಿಣೆ!

“ಅಯ್ಯಯ್ಯೋ ಶಿವ ಶಿವಾ!” ಎಂದು ಚೀರಿ ನಾನು ಮೊಣಕಾಲು ನೋವು ಮರೆತು ಬೆಂಚು ಹತ್ತಿ ನಿಂತೆ. ಹುಟ್ಟಿದಾಗಿನಿಂದ ಕೋಳಿ ಮುಟ್ಟಿದವಳಲ್ಲ. ಅದು ಕೊಕ್ಕೊಕ್ಕೋ ಎಂದು ರೆಕ್ಕೆ ಬಡಿದು ಗೆಳತಿಯ ತಲೆಯ ಮೇಲಿಂದ ಹಾರಿತು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಮುದುಕಿಯೊಬ್ಬಳೇ ನಗಲಿಲ್ಲ. ಕೋಳಿ ಸಾಲದೇನೋ ಎಂಬಂತೆ ನೋಡಿದಳು.

ನಾನು ಬೆಂಚಿನ ಮೇಲಿಂದಲೇ ಗೆಳತಿಗೆ ಹೇಳಿದೆ: “ನನ್ನ ಮೊಣಕಾಲೂ ಹಿಡಕೊಂಡಾವ ಅಂತ ಹೇಳಬೇ. ಈ ಕರಡಿಗಿ ಕೈಲೆ ವಾಸಿ ಆಗೂದಿದ್ರ ನಾ ಯಾಕ ಕುಂಟತಿದ್ದೆ? ನಾನೂ ಗುಳಿಗಿನ ನುಂಗ್ತೇನಿ ಅಂತ ಹೇಳು.”

ಗೆಳತಿ ಹೇಳಿದಳು. ಮುದುಕಿ ಯೋಚಿಸಿ ಒಂದು ಪ್ರಶ್ನೆ ಕೇಳಿದಳು. “ಮತ್ತ ಯಾಕ ಕಟ್ಕೊಂಡಾಳ ಅಂತ ಕೇಳಾಕತ್ತಾಳ” ಎಂದಳು ಗೆಳತಿ.

“ನಮ್ಮವ್ವ ಕಟ್ಯಾಳ. ದೇವ್ರು ಎಲ್ಲೋ ದೂರ ಇಲ್ಲ, ಕೈಯಾಗ ಅದಾನ ಅಂತ ಕಟ್ಯಾಳ. ಏನೂ ಬೇಡಾಕಲ್ಲ.”

ಗೆಳತಿ ತಲೆ ಎತ್ತಿದಳು. ಅವಳ ಚರ್ಚಿನ ಹಿರಿಯರಿಬ್ಬರು ಬಾಗಿಲಲ್ಲೇ ನಿಂತಿದ್ದರು. ಅವರನ್ನೊಮ್ಮೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಒಂದೊಂದೇ ಮಾತಾಗಿ ಹೇಳಿದಳು. ನನಗೆ ಆ ಭಾಷೆ ಬಾರದು, ಆದರೂ ಅವಳು ಒಂದಕ್ಷರ ಬಿಡಲಿಲ್ಲವೆಂದು ತಿಳಿಯಿತು. ನನ್ನ ಕಣ್ಣು ತುಂಬಿದವು.

ಮುದುಕಿ ಈಗ ಬೊಚ್ಚು ಬಾಯಿ ತೆರೆದು ನಕ್ಕಳು. ಕೋಳಿ ಒಲ್ಲೆ ಎನ್ನುವ ಮಂತ್ರಗಾತಿಯನ್ನು ತಾನು ಹುಟ್ಟಿ ಕಂಡಿಲ್ಲ, ಇವಳು ಮಂತ್ರಗಾತಿಯಲ್ಲ ಬಿಡಿ ಎಂದಳಂತೆ. ಕೋಳಿಯನ್ನು ಹಿಡಿದು ಕಂಕುಳಲ್ಲಿಟ್ಟುಕೊಂಡು ಗುಳಿಗೆಯ ಸಾಲಿನಲ್ಲಿ ಹೋಗಿ ನಿಂತಳು.

ಮರುದಿನ ಸ್ನಾನ ಮುಗಿಸಿ ಉಗ್ರಾಣಕ್ಕೆ ಹೋದರೆ ನನ್ನ ಚಾಪೆ ಇಲ್ಲ. ಗೆಳತಿ ಅದನ್ನು ಮುಂದಿನ ಪಡಸಾಲೆಯಲ್ಲಿ ಹಾಸಿ, ತಂಬಿಗೆಯಲ್ಲಿ ನೀರಿಟ್ಟು, ಪಕ್ಕದಲ್ಲಿ ತಾನೂ ಕೂತಿದ್ದಳು. ಬೋರಿಂಗಿನ ಹತ್ತಿರ ಹೆಂಗಸರು ಆಗಲೇ ಸೇರಿದ್ದರು.

“ಮಂದಿ ನೋಡ್ತಾರ ಬೇ” ಎಂದೆ.

“ನೋಡ್ಲಿ. ಹಾಸ್ಟೆಲ್‌ದಾಗ ದಿನಾ ಮುಂಜಾನೆ ನಾ ನೋಡೀನಿ, ನನಗೇನಾಗ್ಯದ? ಕುಂದ್ರು.”