ಸ್ಪ್ರಿಂಗಿನೊಳಗಿನ ರಬ್ಬರು

"ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಯ್ತದೆ? ಮಾರ್ಬುಡಾನ," ಎಂದರು ಬಾವ, ಅಂದರೆ ನನ್ನ ಗಂಡನ ಅಣ್ಣ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಬಾವನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ. ಏನಿದ್ದರೂ ಅತ್ತೆಗೆ ಹೇಳಬೇಕು, ಬಾವ ಪಕ್ಕದಲ್ಲೇ ಕೂತಿದ್ದರೂ ಸರಿ.

ಗಾಡಿಯೆಂದರೆ ಮನೆಯ ಹಳೇ ಎಸ್‌ಯುವಿ. ಜವಳಗಿರಿಯಿಂದ ಹೊಸೂರಿನ ಫ್ಯಾಕ್ಟರಿಗೆ ನಾನೂ ಊರಿನ ಇನ್ನು ಕೆಲವು ಹೆಂಗಸರೂ ಅದರಲ್ಲೇ ಹೋಗುವುದು, ಓಡಿಸುವವಳು ನಾನು. ಬೆಳಗಿನ ಶಿಫ್ಟಿನ ಹೊತ್ತಿಗೆ ಬಸ್ಸಿಲ್ಲ. ಕಾಡಿನ ರಸ್ತೆಯಲ್ಲಿ ಆನೆ ನಿಂತಿರುತ್ತದೆ. ಸ್ಕೂಟರಿನಲ್ಲಿ ಹೋಗಿ ಅದಕ್ಕೆ ನಮಸ್ಕಾರ ಹೇಳೋಣವೇ? ಗಾಡಿ ಹೋದರೆ ನಮ್ಮೆಲ್ಲರ ಕೆಲಸವೂ ಹೋದಂತೆಯೇ.

ಮಾವಿನ ಸುಗ್ಗಿ ಮುಗಿದಾಗಿನಿಂದ ಹಿಂದಿನ ಚಕ್ರಗಳ ಹತ್ತಿರ ಲೊಟಲೊಟ ಸದ್ದು. ಸಣ್ಣ ಗುಂಡಿಗೂ ಹಿಂದೆ ಕೂತವರು ಎಗರಿ ತಲೆ ಬಡಿಸಿಕೊಳ್ಳುತ್ತಿದ್ದರು. ನಾನು ಹಂಪಿನ ಮೇಲೆ ಹಾರಿಸುತ್ತೇನಂತೆ, ಅದಕ್ಕೇ ಹಾಳಾಯಿತಂತೆ! ಮೈಯೆಲ್ಲ ಉರಿದುಹೋಯಿತು.

"ಅತ್ತೇ, ನಾನೇ ತೋರಿಸ್ಕೊಂಡು ಬತ್ತೀನಿ. ಅಲ್ಲೀಗಂಟ ಸುಮ್ನಿರಾಕೆ ಹೇಳಿ," ಎಂದೆ.

"ಅವ್ಳೇನು ಮೆಕ್ಯಾನಿಕ್ಕಾ?" ಎಂದು ಬಾವ ಅತ್ತೆಯನ್ನೇ ಕೇಳಿ ನಕ್ಕರು.

ಹೊಸೂರಿನ ಪಕ್ಕದ ಜೂಜುವಾಡಿಯ ಗ್ಯಾರೇಜಿನವನು ಸದ್ದು ಕೇಳಿದ್ದೇ, "ಶಾಕ್ ಅಬ್ಸಾರ್ಬರ್ ಹೋಗ್ಯದೆ ಅಕ್ಕಾ, ಎರಡೂ ಮಾತ್ತಬೇಕು," ಎಂದ, ಅರ್ಧ ತಮಿಳಿನಲ್ಲಿ. ಬದಲಾಯಿಸುವುದಿರಲಿ, ಮೊದಲು ಯಾಕೆ ಹೋಯಿತು ನೋಡಪ್ಪಾ ಎಂದೆ. ಇಬ್ಬರೂ ಸೇರಿ ಗಾಡಿಯ ಹಿಂಭಾಗವನ್ನು ಒತ್ತಿದೆವು. ಸರಿಯಿದ್ದರೆ ಕುಸಿದು ಏಳಬೇಕು. ಇದು ಬಂಡೆಯ ಹಾಗೆ ಕೂತಿತ್ತು. ಜಾಕ್ ಕೊಟ್ಟು ಎತ್ತಿಸಿ, ಟಾರ್ಚ್ ಹಿಡಿದು ನಾನೂ ಕೆಳಗೆ ನುಸುಳಿದೆ. ಬಟ್ಟೆಗೆ ಗ್ರೀಸಾದರೆ ಆಗಲಿ.

ಎರಡೂ ಸ್ಪ್ರಿಂಗುಗಳ ಸುತ್ತಿನ ನಡುವೆ ದಪ್ಪ ರಬ್ಬರು ತುರುಕಿದ್ದರು, ಲಾರಿ ಟೈರಿನಿಂದ ಕೊಯ್ದದ್ದು. ಮಾವಿನ ಕ್ರೇಟು ಹೇರಿದಾಗ ಗಾಡಿ ಕುಸಿಯದಿರಲೆಂದು ಬಾವ ಸುಗ್ಗಿಯಲ್ಲಿ ಇಡುವಂಥದ್ದು. ಕೃಷ್ಣಗಿರಿ ಮಂಡಿಗೆ ಹಣ್ಣು ಸಾಗಿಸಿ ಮುಗಿದ ಮೇಲೆ ಕಿತ್ತುಹಾಕಬೇಕಿತ್ತು, ಹಾಕಿರಲಿಲ್ಲ. ಸ್ಪ್ರಿಂಗು ತಾಳಬೇಕಾದ ಏಟನ್ನೆಲ್ಲ ಶಾಕ್ ಅಬ್ಸಾರ್ಬರಿನ ತುದಿಯಲ್ಲಿ ಮೆತ್ತೆಯಂತಿರುವ ಬುಷ್‌ಗಳು ತಿಂದು ಹರಿದುಹೋಗಿದ್ದವು.

"ಯಾರಕ್ಕಾ ಇದನ್ನಿಟ್ಟೋರು?"

"ನಮ್ಮನೆ ದೊಡ್ಡೋರು."

ರಬ್ಬರು ತೆಗೆಸಿದೆ, ಹೊಸ ಬುಷ್ ಹಾಕಿಸಿದೆ. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ತೊಟ್ಟೂ ಸೋರಿರಲಿಲ್ಲ, ಅದನ್ನು ಮುಟ್ಟಲು ಬಿಡಲಿಲ್ಲ. ವಾಪಸು ಬರುವಾಗ ಗಾಡಿಯಲ್ಲಿ ಸದ್ದೇ ಇಲ್ಲ. ನಾನು ಮಾತ್ರ ಒಬ್ಬಳೇ ಬೈದುಕೊಂಡು ಬಂದೆ.

ಮನೆಯ ಜಗಲಿಯಲ್ಲಿ ಬಾವ ಗಾಡಿ ಕೊಳ್ಳುವವನನ್ನು ಆಗಲೇ ಕರೆಸಿ ಕೂರಿಸಿಕೊಂಡಿದ್ದರು! ಅತ್ತೆ ಕಾಫಿ ಕೊಡುತ್ತಿದ್ದರು. ಈ ಸಲ ನಾನು ಅತ್ತೆಯ ಕಡೆ ನೋಡಲಿಲ್ಲ. ನೆಟ್ಟಗೆ ಹೋಗಿ ರಬ್ಬರು ತುಂಡುಗಳನ್ನು ಬಾವನ ಕಾಲ ಬಳಿ ಹಾಕಿದೆ.

"ಬಾವ, ಇವು ನಿಮ್ಮವು. ಸ್ಪ್ರಿಂಗಿನೊಳಗೆ ಇದ್ವು. ನಾನು ಓಡಿಸೋದ್ರಲ್ಲಿ ಏನೂ ತಪ್ಪಿಲ್ಲ. ಗಾಡಿ ಮಾರಾಕಿಲ್ಲ."

ಕೊಳ್ಳಲು ಬಂದವನು ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದ. ಬಾವನ ಮುಖ ಕೆಂಪಾಯಿತು. "ಅಮ್ಮಾ, ಇವ್ಳಿಗೆ ಹೇಳು..." ಎಂದು ಅತ್ತೆಯತ್ತ ತಿರುಗಿದರು.

ಅತ್ತೆ ಬಗ್ಗಿ ಒಂದು ರಬ್ಬರು ತುಂಡನ್ನು ಎತ್ತಿ ನೋಡಿದರು.

"ನಂಗ್ಯಾಕ್ಲಾ ಹೇಳ್ತೀಯಾ? ಎದುರ್ಗೇ ನಿಂತವ್ಳಲ್ಲಾ, ನೀನೇ ಹೇಳು."